ನಿಂತರೆ ಇಳಿಯುವ ರಕ್ತ

ಕಟಿಂಗ್ ಅಕ್ಕ ಮೊದಲ ಸಲ ಬಿದ್ದದ್ದು ಬಟ್ಟೆಯ ಮೇಲೆ. ಹಾಗಾಗಿ ಏಟು ಅವಳಿಗಾಗಲಿಲ್ಲ, ಬಟ್ಟೆಗಾಯಿತು. ಶಾಲೆಯ ಸಮವಸ್ತ್ರಕ್ಕೆಂದು ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ನೀಲಿ ಬಟ್ಟೆ ಹಾಸಿತ್ತು. ಮೇಲಿನ ಪದರದ ಮೇಲೆ ಅವಳೇ ಎಳೆದ ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಓಡುತ್ತಿದ್ದ ಕರೆಂಟಿನ ಕತ್ತರಿ. ತೋಳಿನ ತಿರುವು ಮುಗಿಯುವಷ್ಟರಲ್ಲಿ ಕಣ್ಣ ಮುಂದೆ ಕಪ್ಪು ಪರದೆ ಇಳಿಯಿತು. ಗುಂಡಿಯ ಮೇಲಿದ್ದ ಬೆರಳು ತಾನಾಗಿ ಜಾರಿದ್ದು ಪುಣ್ಯ, ಯಂತ್ರ ನಿಂತಿತು. ಆದರೆ ನಿಲ್ಲುವ ಮೊದಲು ಅದು ಗೆರೆ ಬಿಟ್ಟು ಒಂದು ಗೇಣು ಸಾಗಿಬಿಟ್ಟಿತ್ತು. ಒಂದು ಕಟ್ಟಿನ ಅಂಗಿಗಳ ಬೆನ್ನೆಲ್ಲ ಹಾಳು.

ಹೊಲಿಯುವವಳು ತಪ್ಪಿದರೆ ಒಂದು ಅಂಗಿ ಹೋಗುತ್ತದೆ, ಕತ್ತರಿಸುವವಳು ತಪ್ಪಿದರೆ ಒಂದು ತರಗತಿಯೇ ಹೋಗುತ್ತದೆ ಎಂದು ಆ ಹೊಲಿಗೆ ಕಾರ್ಖಾನೆಯ ಯಜಮಾನಿ ಹೊಸಬರಿಗೆ ಹೇಳುವುದಿತ್ತು. ಆ ಮಾತನ್ನು ಅವರು ಕಟಿಂಗ್ ಅಕ್ಕನಿಗೆ ಎಂದೂ ಹೇಳಬೇಕಾಗಿ ಬಂದಿರಲಿಲ್ಲ. ಅವತ್ತೂ ಹೇಳಲಿಲ್ಲ. ನೀರು ಕುಡಿಸಿದರು, ಆಟೋ ಹತ್ತಿಸಿದರು, ಮರುದಿನ ಫೋನು ಮಾಡಿ ವಿಚಾರಿಸಿದರು. ಕೊನೆಗೆ ಮೆತ್ತಗೆ ಒಂದು ಮಾತು ಸೇರಿಸಿದರು:

"ರಜೆ ತಗೋ, ಬೇಡ ಅನ್ನಲ್ಲ. ಆದ್ರೆ ಶಾಲೆ ತೆರೆಯೋ ಮುಂಚೆ ನನಗೊಂದು ಗೊತ್ತಾಗಬೇಕು, ನೀನು ಮೇಜಿಗೆ ಬರ್ತೀಯೋ, ಇಲ್ಲ ಬೇರೆಯವರನ್ನ ನೋಡ್ಕೊಳ್ಳಲೋ."

ಮನೆಯಲ್ಲಿ ನಾಲ್ಕು ಜನ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲೋ, ಕೆಳಗಿನ ಗುಂಡಿಯಲ್ಲೋ ಅವನ ಹಗಲು ಕಳೆಯುತ್ತಿತ್ತು. ಕೆಟ್ಟದ್ದು ಯಾವುದಾದರೂ ಸರಿ, ಬಿಚ್ಚಿ ನೋಡಿದರೆ ರಿಪೇರಿಯಾಗುತ್ತದೆ ಎಂಬ ನಂಬಿಕೆ ಅವನದು. ಅವಳ ತಾಯಿ, ಮನೆಯ ಅಜ್ಜಿ, ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳಾಗಿದ್ದು ನಿವೃತ್ತಳಾದವಳು. ಈಗಲೂ ಸೌಟು ಹಿಡಿದರೆ ನೂರು ಮಕ್ಕಳು ಸಾಲಿನಲ್ಲಿ ನಿಂತ ಹಾಗೆ ಜೋರಾಗಿಯೇ ಮಾತಾಡುತ್ತಿದ್ದಳು. ಇನ್ನೊಬ್ಬಳು ಹೈಸ್ಕೂಲಿನ ಮಗಳು. ಮಾತು ಬಂದಾಗಿನಿಂದ "ಯಾಕೆ" ಎಂದು ಕೇಳುತ್ತಲೇ ಬೆಳೆದದ್ದರಿಂದ ಯಾಕಮ್ಮ ಎಂಬ ಹೆಸರು ಅಂಟಿಕೊಂಡಿತ್ತು.

ಕಟಿಂಗ್ ಅಕ್ಕ ಬಿದ್ದದ್ದು ಮೊದಲ ಸಲವಾದರೂ ಕಾಯಿಲೆ ಹೊಸದಲ್ಲ. ಒಂದು ವರ್ಷದಿಂದ ಎದ್ದು ನಿಂತರೆ ಎದೆ ನಗಾರಿ ಬಾರಿಸುತ್ತಿತ್ತು. ಕೂತರೆ ತಣ್ಣಗಾಗುತ್ತಿತ್ತು. ಮಲಗಿದರೆ ಏನೂ ಆಗದವಳ ಹಾಗೆ. ಹಾಗಾಗಿ ನೋಡಿದವರಿಗೆ ಅದು ಕಾಯಿಲೆಯೆನಿಸದೆ ಸೋಮಾರಿತನವೆನಿಸುತ್ತಿತ್ತು. ಈಚೆಗೆ ಅಂಗಾಲಿನಲ್ಲಿ ಇರುವೆ ಹರಿದಾಡಿದಂತೆ ಜುಮುಗುಟ್ಟುವುದು ಬೇರೆ ಶುರುವಾಗಿತ್ತು. ಮೊದಲು ತೋರಿಸಿದ ಡಾಕ್ಟರು ಯೋಚನೆ ಜಾಸ್ತಿ ಮಾಡಬೇಡಿ ಎಂದಿದ್ದರು. ಅಂದಿನಿಂದ ಅವಳಿಗೆ ಯೋಚನೆ ಜಾಸ್ತಿಯಾಗಿತ್ತು.

ಬಟ್ಟೆಯ ಮೇಲೆ ಬಿದ್ದ ಮೇಲೆ ಹೋದದ್ದು ಬೇರೊಬ್ಬ ಡಾಕ್ಟರಮ್ಮನ ಹತ್ತಿರ. ಆಕೆ ಹೆಚ್ಚು ಮಾತಾಡಲಿಲ್ಲ. ಮಲಗಿಸಿ ನಾಡಿ ನೋಡಿದರು, ರಕ್ತದ ಒತ್ತಡ ನೋಡಿದರು. ಆಮೇಲೆ ಗೋಡೆಗೆ ಒರಗದೆ ಸುಮ್ಮನೆ ನಿಲ್ಲಿಸಿ ಮತ್ತೆ ಮತ್ತೆ ನೋಡುತ್ತ ಹೋದರು. ಒತ್ತಡ ಹೆಚ್ಚೇನೂ ಬದಲಾಗಲಿಲ್ಲ, ನಾಡಿ ಮಾತ್ರ ಮೆಟ್ಟಿಲು ಹತ್ತಿದಂತೆ ಏರಿತು. ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಎಲ್ಲರಿಗೂ ಇಳಿಯುತ್ತದೆ ಎಂದು ಅವರು ವಿವರಿಸಿದರು. ನಾವು ಹೇಳದೆಯೇ ಕೆಲಸ ಮಾಡುವ ನರಗಳು ಕೆಲವಿವೆ, ಅವು ಕಾಲಿನ ರಕ್ತನಾಳಗಳನ್ನು ಬಿಗಿದು ಅದನ್ನು ಮೇಲಕ್ಕೆ ಕಳಿಸುತ್ತವೆ. ನಿಮಗೆ ಆ ನರಗಳ ಲೆಕ್ಕ ತಪ್ಪಿದೆ, ಅದಕ್ಕೇ ಹೃದಯ ಒಂದೇ ಓಡಿ ಓಡಿ ಸಾಕಾಗುತ್ತಿದೆ ಎಂದರು.

"ಅಂದ್ರೆ ಮೋಟಾರು ಸರಿ ಇದೆ, ಕಂಟ್ರೋಲ್ ಸರಿ ಇಲ್ಲ" ಎಂದ ಮೆಕ್ಯಾನಿಕ್.

ಡಾಕ್ಟರಮ್ಮ ಅವನನ್ನು ಒಂದು ಕ್ಷಣ ನೋಡಿ, ಹೆಚ್ಚುಕಡಿಮೆ ಹಾಗೇ ಎಂದರು. ನೀರು ಹೆಚ್ಚು ಕುಡಿಯಬೇಕು, ಇವರಿಗೆ ರಕ್ತದ ಒತ್ತಡ ಹೆಚ್ಚಿಲ್ಲದ್ದರಿಂದ ಉಪ್ಪೂ ಸ್ವಲ್ಪ ಹೆಚ್ಚು ಬೇಕು, ಕಾಲಿಗೆ ಬಿಗಿಯಾದ ಕಾಲುಚೀಲ ಹಾಕಿಕೊಳ್ಳಬೇಕು, ಏಳುವಾಗ ನಿಧಾನ. ಅದರ ಜೊತೆಗೆ ಒಂದು ರಕ್ತಪರೀಕ್ಷೆ. ಇಂಥ ತೊಂದರೆಯಿರುವ ಕೆಲವರಲ್ಲಿ ಕಬ್ಬಿಣ, ವಿಟಮಿನ್ ಬಿ-ಟ್ವೆಲ್ವ್, ವಿಟಮಿನ್ ಡಿ ಇವೆಲ್ಲ ಕಡಿಮೆ ಇರುತ್ತವೆ. ತುಂಬಿಕೊಟ್ಟರೆ ಕೆಲವರಿಗೆ ಹಗುರಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ನೋಡದೆ ಊಹಿಸುವುದು ಬೇಡ ಎಂದರು.

ಮನೆಗೆ ಬಂದು ಊಟಕ್ಕೆ ಕೂತಾಗ ಈ ಸುದ್ದಿ ಹೊರಬಿತ್ತು. ಅಜ್ಜಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು. ವಿಟಮಿನ್ ಕಡಿಮೆ ಅಂದರೆ ಏನರ್ಥ, ಊಟ ಸರಿಯಿಲ್ಲ ಅಂತ ತಾನೇ ಎಂದು ಕೇಳಿದಳು. ವಾರಕ್ಕೆಷ್ಟು ಸಲ ಸೊಪ್ಪು, ಎಷ್ಟು ಸಲ ಕಾಳು, ಯಾವ ಯಾವ ದಿನ ಮೊಟ್ಟೆ ಎಂದು ಒಂದೊಂದಾಗಿ ಎತ್ತಿ ಆಡಿದಳು. ತನ್ನ ಕೈಯಡುಗೆ ತಿಂದ ಮಕ್ಕಳು ಇವತ್ತು ಓಟದ ಪಂದ್ಯದಲ್ಲಿ ಪದಕ ತಂದಿದ್ದಾರೆ ಎಂದಳು.

ಮೆಕ್ಯಾನಿಕ್ ತಟ್ಟೆಯಿಂದ ತಲೆಯೆತ್ತಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಿಮ್ಮ ಅಡುಗೆ ಬಗ್ಗೆ ಯಾರೂ ಏನೂ ಅನ್ನಲಿಲ್ಲವಲ್ಲ ಅತ್ತೆ."

"ಬಾಯಲ್ಲಿ ಅಂದಿಲ್ಲ ಅಳಿಯಂದಿರೇ. ಡಬ್ಬಿ ಡಬ್ಬಿ ತಂದು ಸಾಲಾಗಿ ಇಟ್ಟಿದೀರಲ್ಲ, ಅದು ಅಂದಿದ್ದಲ್ಲದೆ ಮತ್ತೇನು?"

ಡಬ್ಬಿಗಳ ವಿಷಯ ಆ ಮನೆಯಲ್ಲಿ ಹಳೆಯ ಜಗಳ. ಹೆಂಡತಿ ಸುಸ್ತು ಎಂದ ಮೊದಲ ತಿಂಗಳಲ್ಲೇ ಅವನು ಒಂದು ವಿಟಮಿನ್ ಡಬ್ಬಿ ತಂದಿದ್ದ. ಕಾಲು ಸೆಳೆತ ಎಂದಾಗ ಇನ್ನೊಂದು, ನಿದ್ದೆ ಇಲ್ಲ ಎಂದಾಗ ಮತ್ತೊಂದು. ಶಕ್ತಿಗೆಂದು ನೀರಲ್ಲಿ ಕದಡುವ ಪುಡಿ, ನರಗಳಿಗೆಂದು ಕೆಂಪು ಗುಳಿಗೆ. ಕೆಲಸದಿಂದ ಬರುವಾಗ ಔಷಧಿ ಅಂಗಡಿ ದಾರಿಯಲ್ಲೇ ಇತ್ತು, ಅವನಿಗೆ ಬರಿಗೈಯಲ್ಲಿ ಮನೆಗೆ ಬರಲು ಆಗುತ್ತಿರಲಿಲ್ಲ. ಅಜ್ಜಿ ಅದಕ್ಕೆ ಎದುರಾಗಿ ಚಹಾ ಹಿಡಿದು ನಿಂತಿದ್ದಳು. ಮಗಳು ಗುಳಿಗೆ ನುಂಗುವ ಮೊದಲು ಒಂದು ಲೋಟ, ಊಟವಾದ ಕೂಡಲೇ ಒಂದು ಲೋಟ, ಮಧ್ಯೆ ಮುಖ ಬಾಡಿದ್ದು ಕಂಡರೆ ಇನ್ನೊಂದು. ಕಟಿಂಗ್ ಅಕ್ಕ ಇಬ್ಬರು ಕೊಟ್ಟದ್ದನ್ನೂ ನುಂಗುತ್ತಿದ್ದಳು. ಬೇಡ ಎನ್ನಲು ನಿಂತುಕೊಂಡು ವಾದಿಸಬೇಕು, ನಿಂತರೆ ಎದೆ ಬಡಿದುಕೊಳ್ಳುತ್ತಿತ್ತು.

ರಕ್ತ ಕೊಡುವ ದಿನ ಅಜ್ಜಿಯೂ ಹೊರಟು ನಿಂತಳು. ನಾವೆಲ್ಲ ಒಂದೇ ಪಾತ್ರೆಯದ್ದು ತಿನ್ನುವವರು, ನನ್ನದನ್ನೂ ನೋಡಲಿ, ಅಡುಗೆಯ ದೋಷವಾದರೆ ನನ್ನಲ್ಲೂ ಕಾಣಬೇಕು ತಾನೇ ಎಂಬುದು ಅವಳ ವಾದ. ಯಾಕಮ್ಮನಿಗೆ ಈ ಮಾತು ಬಹಳ ಹಿಡಿಸಿತು. ಅಜ್ಜಿ ಹೇಳಿದ್ದು ವಿಜ್ಞಾನದ ಪಾಠದ ಹಾಗಿದೆ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು ಎಂದಳು. ಪ್ರಯೋಗಾಲಯದ ಹುಡುಗಿ ರಬ್ಬರು ಪಟ್ಟಿ ಬಿಗಿಯುವಾಗ ಅಜ್ಜಿ ಕಣ್ಣು ಮುಚ್ಚಲಿಲ್ಲ. ರಕ್ತ ಕೊಳವೆಗೆ ಬರುವುದನ್ನು ಒಲೆಯ ಮೇಲಿನ ಹಾಲು ನೋಡುವಂತೆ ನೋಡಿದಳು. ಇಷ್ಟರಲ್ಲಿ ಕಬ್ಬಿಣ ಹೇಗೆ ಕಾಣುತ್ತದೆ, ಡಿ ಹೇಗೆ ಕಾಣುತ್ತದೆ ಎಂದು ವಿಚಾರಿಸಿದಳು. ಹುಡುಗಿಗೆ ಗೊತ್ತಿರಲಿಲ್ಲ, ಯಂತ್ರ ನೋಡುತ್ತದೆ ಎಂದಳು.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಮನೆ ಒಂದು ವಿಚಿತ್ರ ಆಟಕ್ಕೆ ಬಿತ್ತು. ಯಾಕಮ್ಮ ಅಮ್ಮನ ನಾಡಿಯನ್ನು ಮಲಗಿದಾಗ ಎಣಿಸಿ, ನಿಲ್ಲಿಸಿ ಎಣಿಸುವುದು ಕಲಿತಳು. ಆಮೇಲೆ ಅಜ್ಜಿಯದ್ದು, ಆಮೇಲೆ ಅಪ್ಪನದ್ದು. ಎದುರುಮನೆಯ ಪೋಸ್ಟ್‌ಮನ್ ಕಾಗದ ಕೊಡಲು ಬಂದಾಗ ಅವನನ್ನೂ ಸೋಫಾದ ಮೇಲೆ ಮಲಗಿಸಲು ನೋಡಿ ಬೈಸಿಕೊಂಡಳು. ಎಲ್ಲರಿಗೂ ನಿಂತಾಗ ಸ್ವಲ್ಪ ಏರುತ್ತಿತ್ತು. ಅಮ್ಮನಿಗೆ ಮಾತ್ರ ಓಡಿ ಬಂದವಳ ಹಾಗೆ.

ಒಂದು ಸಂಜೆ ಅಜ್ಜಿ ಮಗಳ ಮಣಿಕಟ್ಟನ್ನು ತಾನೇ ಹಿಡಿದು ನೋಡಿದಳು. ಬಹಳ ಹೊತ್ತು ಬಿಡಲಿಲ್ಲ.

"ಸುಮ್ಮನೆ ನಿಂತಿದ್ದಕ್ಕೇ ಹೀಗಾ?"

"ಹೂಂ."

"ದಿನಾ ಹೀಗೇನಾ?"

"ದಿನಾ ಅಮ್ಮ."

ಮಗಳು ಪಾತ್ರೆ ತೊಳೆಯದೆ ಕೂತುಬಿಡುತ್ತಾಳೆ ಎಂದು ಪಕ್ಕದ ಮನೆಯವಳ ಹತ್ತಿರ ಹಿಂದೆ ಆಡಿಕೊಂಡದ್ದು ನೆನಪಾಗಿ, ಅಜ್ಜಿ ಆ ರಾತ್ರಿಯ ಪಾತ್ರೆಗಳನ್ನು ಸದ್ದು ಮಾಡದೆ ತೊಳೆದಳು.

ಫಲಿತಾಂಶ ಕೇಳಲು ಇಬ್ಬರೂ ಬಂದರು, ಗಂಡನೂ ತಾಯಿಯೂ. ತೀರ್ಪು ತಮ್ಮ ಕಡೆಗೇ ಆಗುತ್ತದೆಂದು ನಂಬಿದ ಇಬ್ಬರು ಕಕ್ಷಿದಾರರ ಹಾಗೆ ಡಾಕ್ಟರಮ್ಮನ ಎದುರಿಗೆ ಕೂತರು. ತಗೊಳ್ಳುವುದನ್ನೆಲ್ಲ ತನ್ನಿ, ಪುಡಿಯನ್ನೂ ಬಿಡಬೇಡಿ ಎಂದು ಅವರು ಹೇಳಿ ಕಳಿಸಿದ್ದರಿಂದ ಮೆಕ್ಯಾನಿಕ್ ಒಂದು ಕೈಚೀಲ ತುಂಬ ಡಬ್ಬಿ ಹೊತ್ತು ತಂದಿದ್ದ. ಅದರ ತೂಕಕ್ಕೆ ಅವನಿಗೇ ಸ್ವಲ್ಪ ನಾಚಿಕೆಯಾಗಿತ್ತು.

ಡಾಕ್ಟರಮ್ಮ ಮೊದಲು ಅಜ್ಜಿಯದ್ದು ಹೇಳಿದರು. ಎಲ್ಲ ಚೆನ್ನಾಗಿದೆ, ಈ ವಯಸ್ಸಿಗೆ ಬಹಳವೇ ಚೆನ್ನಾಗಿದೆ. ಅಜ್ಜಿ ಅಳಿಯನ ಕಡೆ ತಿರುಗಿ ನೋಡಲಿಲ್ಲ. ನೋಡದೆ ಇರುವುದರಲ್ಲೇ ಎಲ್ಲ ಇತ್ತು. ಆಮೇಲೆ ಕಟಿಂಗ್ ಅಕ್ಕನದು. ಬಿ-ಟ್ವೆಲ್ವ್ ಸರಿಯಿದೆ. ಡಿ ಸ್ವಲ್ಪ ಕಡಿಮೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಮಾತ್ರ ತಳ ಕಂಡಿದೆ. ಇನ್ನೊಂದು, ಬಿ-ಸಿಕ್ಸ್. ಅದು ಕಡಿಮೆಯಲ್ಲ, ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

"ಹೆಚ್ಚಿದ್ರೆ ಒಳ್ಳೇದಲ್ವಾ?" ಎಂದ ಮೆಕ್ಯಾನಿಕ್.

ಡಾಕ್ಟರಮ್ಮ ಕೈಚೀಲದಿಂದ ಡಬ್ಬಿಗಳನ್ನು ತೆಗೆದು ಒಂದೊಂದಾಗಿ ತಿರುಗಿಸಿದರು. ಶಕ್ತಿಯ ಪುಡಿಯಲ್ಲಿ ಅದೇ ಬಿ-ಸಿಕ್ಸ್, ಸೆಳೆತದ ಗುಳಿಗೆಯಲ್ಲಿ ಅದೇ, ನಿದ್ದೆಯದ್ದರಲ್ಲಿ ಅದೇ, ಕೆಂಪು ಗುಳಿಗೆಯಲ್ಲಂತೂ ಅದೇ ಮುಖ್ಯ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಒಂದೇ. ಇದು ದಿನಾ ಹೀಗೆ ಮೈಗೆ ಹೋಗುತ್ತಿದ್ದರೆ ನರಗಳಿಗೇ ಪೆಟ್ಟು, ಅಂಗಾಲು ಜುಮುಗುಟ್ಟುವುದಕ್ಕೆ ಇದೇ ಕಾರಣವಿರಬಹುದು ಎಂದರು. ಎಲ್ಲ ಇವತ್ತೇ ನಿಲ್ಲಿಸಿ. ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ.

ಮೆಕ್ಯಾನಿಕ್‌ನ ಮುಖ ಬಿಳಿಚಿತು. ನರಕ್ಕೆಂದು ಕೊಟ್ಟದ್ದು ನರವನ್ನೇ ತಿಂದಿತ್ತು. ಅವನು ಕೆಂಪು ಡಬ್ಬಿಯನ್ನು ಕೈಗೆತ್ತಿಕೊಂಡು, ಮತ್ತೆ ಇಟ್ಟ.

"ಅತಿಯಾದರೆ ಅಮೃತವೂ ವಿಷ ಅಂತ ನಾನು ಹೇಳ್ತಾನೇ ಇದ್ದೆ" ಎಂದಳು ಅಜ್ಜಿ, ಯಾರಿಗೂ ಹೇಳದ ಹಾಗೆ.

ಆಗ ಕಬ್ಬಿಣದ ಪ್ರಶ್ನೆ ಬಂತು. ತಿನ್ನುವುದರಲ್ಲಿ ಕೊರತೆ ಕಾಣುತ್ತಿಲ್ಲ, ಮತ್ತೆ ಎಲ್ಲಿ ಹೋಗುತ್ತಿದೆ? ಊಟದ ಜೊತೆ, ಊಟವಾದ ಮೇಲೆ ಏನು ಕುಡಿಯುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಕಟಿಂಗ್ ಅಕ್ಕ ಉತ್ತರಿಸುವ ಮೊದಲೇ ಅಜ್ಜಿ ಹೆಮ್ಮೆಯಿಂದ ಚಹಾ ಎಂದಳು. ಎಷ್ಟು ಲೋಟ, ಎಷ್ಟು ಗಟ್ಟಿ ಎಂಬುದನ್ನೂ ಹೇಳಿದಳು. ಡಾಕ್ಟರಮ್ಮ ಬೇಜಾರಾಗದ ಹಾಗೆಯೇ ಹೇಳಿದರು: ಸೊಪ್ಪು ಕಾಳಿನ ಕಬ್ಬಿಣವನ್ನು ಚಹಾ ಒಳಗೆ ಹೋಗಗೊಡುವುದಿಲ್ಲ, ಹೊಟ್ಟೆಯಲ್ಲೇ ಹಿಡಿದಿಟ್ಟು ಹೊರಗೆ ಸಾಗಹಾಕುತ್ತದೆ.

"ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರೆ. ಇಲ್ಲಿ ಬಾಯಿಗೆ ಬಂದದ್ದು ರಕ್ತಕ್ಕೆ ಬರಲಿಲ್ವಾ?" ಎಂದಳು ಅಜ್ಜಿ. ತಕ್ಷಣ ಚೇತರಿಸಿಕೊಂಡು, ಹಾಗಾದರೆ ನಾನು ಇವಳಿಗಿಂತ ಹೆಚ್ಚು ಕುಡಿಯುತ್ತೇನೆ, ನನ್ನ ಕಬ್ಬಿಣ ಹೇಗೆ ಉಳಿಯಿತು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ನಿಮಗೆ ಒಳಗೆ ಬರುವುದು ಕಡಿಮೆಯಾದರೂ ಹೊರಗೆ ಹೋಗುವುದೇನಿಲ್ಲ. ಇವರಿಗೆ? ಎಂದು ಕಟಿಂಗ್ ಅಕ್ಕನ ಕಡೆ ತಿರುಗಿದರು. ತಿಂಗಳಿಗೆ ಎಷ್ಟು ದಿನ, ಎಷ್ಟು ಹೋಗುತ್ತದೆ ಎಂದು ನೇರವಾಗಿಯೇ ಕೇಳಿದರು.

ಕಟಿಂಗ್ ಅಕ್ಕ ಮಡಿಲಲ್ಲಿದ್ದ ಕೈ ನೋಡುತ್ತ ಹೇಳಿದಳು. ಹೇಳುತ್ತ ಹೋದಂತೆ ಅದು ಸಣ್ಣ ಸಂಗತಿಯಲ್ಲ ಎಂಬುದು ಅವಳಿಗೇ ಕೇಳಿಸಿತು. ಎರಡು ವರ್ಷದಿಂದ ಹೀಗೇ ಇತ್ತು. ಕಾರ್ಖಾನೆಯಲ್ಲಿ ಬಟ್ಟೆ ಬದಲಿಸಲು ಬೇಕಾಗುತ್ತದೆಂದು ಚೀಲದಲ್ಲಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳುತ್ತಿದ್ದಳು.

"ನಮಗ್ಯಾಕೆ ಹೇಳಲಿಲ್ಲ?" ಎಂದ ಗಂಡ.

"ನೀವಿಬ್ಬರೂ ಕೊಟ್ರಿ, ಕೊಟ್ರಿ. ಏನಾಗ್ತಿದೆ ಅಂತ ಯಾರೂ ಕೇಳಲಿಲ್ಲ."

ಅವಳದು ಸಿಟ್ಟಿನ ದನಿಯಲ್ಲ. ಅಳತೆ ಓದಿ ಹೇಳುವ ದನಿಯಲ್ಲೇ ಹೇಳಿದ್ದಳು. ಅದಕ್ಕೇ ಇಬ್ಬರಿಗೂ ಹೆಚ್ಚು ತಾಗಿತು.

ಡಾಕ್ಟರಮ್ಮ ಸ್ತ್ರೀರೋಗ ತಜ್ಞೆಯೊಬ್ಬರಿಗೆ ಚೀಟಿ ಬರೆದರು. ಕಬ್ಬಿಣದ ಗುಳಿಗೆ, ಡಿ ಗುಳಿಗೆ, ಬೇರೇನೂ ಇಲ್ಲ. ಕಬ್ಬಿಣ ನುಂಗುವಾಗ ನಿಂಬೆ ಹಿಂಡಿದ ನೀರು, ಅದರ ಆಸುಪಾಸಿನಲ್ಲಿ ಚಹಾ ಬೇಡ. ಕೊನೆಗೆ ಒಂದು ಎಚ್ಚರಿಕೆ ಹೇಳಿದರು. ಕಬ್ಬಿಣ ತುಂಬಿದರೆ ಸುಸ್ತು ಇಳಿಯಬಹುದು, ಎದೆ ಹೊಡೆತವೂ ಸ್ವಲ್ಪ ಕಡಿಮೆಯಾಗಬಹುದು. ಆದರೆ ನರಗಳ ತೊಂದರೆಗೆ ಇದೇ ಮೂಲ ಎಂದು ನಾನು ಹೇಳಲಾರೆ. ಇದು ಕಂಡದ್ದು, ಕಂಡದ್ದನ್ನು ಸರಿಮಾಡೋಣ.

ಅದಾದ ಮೇಲಿನ ಒಂದು ವಾರ ಮನೆಯಲ್ಲಿ ಜಗಳವೇ ಇರಲಿಲ್ಲ. ಇರಬೇಕಿತ್ತು ಎನ್ನಿಸುವಷ್ಟು ಸುಮ್ಮನಿತ್ತು. ಮೆಕ್ಯಾನಿಕ್ ಡಬ್ಬಿಗಳನ್ನೆಲ್ಲ ವಿಲೇವಾರಿ ಮಾಡಿ, ಸಂಜೆ ಬರಿಗೈಯಲ್ಲಿ ಬಂದು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಟಿವಿಯ ರಿಮೋಟು ಬಿಚ್ಚಿ ಜೋಡಿಸಿದ. ಅಜ್ಜಿ ಚಹಾದ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು, ತಾನೂ ಕುಡಿಯುವುದು ಬಿಟ್ಟಳು. ಬಿಟ್ಟದ್ದರಿಂದ ತಲೆನೋವು ಬಂದು ಎಲ್ಲರ ಮೇಲೂ ಮುನಿಸಿಕೊಂಡಳು. ಇಬ್ಬರೂ ಕಟಿಂಗ್ ಅಕ್ಕನ ಹತ್ತಿರ ಸುಳಿಯಲು ಅಂಜುತ್ತಿದ್ದರು, ಮುಟ್ಟಿದರೆ ಇನ್ನೇನು ಕೆಡುತ್ತದೋ ಎಂಬ ಹಾಗೆ. ಅವಳಿಗೆ ನೀರು ಬೇಕಾದರೂ ತಾನೇ ಏಳಬೇಕಾಯಿತು.

ಅಮ್ಮ ಮೂರನೆಯ ಸಲ ಗೋಡೆ ಹಿಡಿದು ಎದ್ದಾಗ ಯಾಕಮ್ಮ ಪುಸ್ತಕ ಮುಚ್ಚಿದಳು. "ಅಜ್ಜೀ, ಅಪ್ಪಾ, ಅಮ್ಮ ನಿಮಗೆ ಕೊಡಬೇಡಿ ಅಂದಿಲ್ಲ. ಕೇಳಿ ಕೊಡಿ ಅಂದಿದ್ದು. ಯಾಕೆ ಇಬ್ಬರಿಗೂ ಅಷ್ಟು ತಿಳಿಯಲ್ಲ?"

ಮೆಕ್ಯಾನಿಕ್‌ಗೆ ನಗು ಬಂತು, ಅತ್ತೆಗೆ ಬರಲಿಲ್ಲ. ಆದರೂ ಅಂದು ಊಟವಾದ ಮೇಲೆ ಅಜ್ಜಿ ಮಗಳ ಎದುರಿಗೆ ಕೂತು, ಏನು ಬೇಕು ನಿನಗೆ ಎಂದು ಕೇಳಿದಳು. ಕಟಿಂಗ್ ಅಕ್ಕ ಯೋಚಿಸಿ ಹೇಳಿದಳು: ಬೆಳಿಗ್ಗೆ ಏಳುವ ಮೊದಲು ಹಾಸಿಗೆಯ ಹತ್ತಿರ ಒಂದು ತಂಬಿಗೆ ನೀರು. ದೊಡ್ಡ ಊಟ ಬೇಡ, ಹೊಟ್ಟೆ ತುಂಬಿದರೆ ತಲೆ ಹೆಚ್ಚು ತಿರುಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಬೇಕು. ಬೇಸರವಾದಾಗ ಚಹಾ ಬೇಕು, ಊಟ ಮತ್ತು ಗುಳಿಗೆಯಿಂದ ದೂರದಲ್ಲಿ. ಗಂಡನ ಕಡೆ ತಿರುಗಿ, ಒಂದು ಎತ್ತರದ ಸ್ಟೂಲು ಬೇಕು ಎಂದಳು. ಕೂತಂತೆಯೂ ಇರಬೇಕು, ನಿಂತಂತೆಯೂ ಇರಬೇಕು, ಕತ್ತರಿ ಹಿಡಿದರೆ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು.

ಮೆಕ್ಯಾನಿಕ್‌ಗೆ ಜೀವ ಬಂತು. ಎತ್ತರ ಎಷ್ಟು, ಅಡ್ಡ ಎಷ್ಟು, ಕಾಲಿಡಲು ಸರಳು ಎಲ್ಲಿ ಎಂದು ಕೇಳಿ, ಹಳೇ ಲಿಫ್ಟಿನ ಕೊಳವೆಗಳಿಂದ ಒಂದು ಸ್ಟೂಲು ಬೆಸೆದ. ಅವಳು ಕೂತು ನೋಡಿ ಒಂದು ಬೆರಳು ಎತ್ತರವಾಯಿತು ಎಂದಳು. ಕೊಯ್ದ. ಓಲಾಡುತ್ತದೆ ಎಂದಳು. ಮತ್ತೆ ಬೆಸೆದ. ಕಣ್ಣಳತೆಯಲ್ಲಿ ಮುಗಿಸುವ ಮನುಷ್ಯ ಈ ಸಲ ಪ್ರತಿಸಲವೂ ಅವಳನ್ನು ಕೇಳಿದ.

ಸ್ತ್ರೀರೋಗ ತಜ್ಞೆಯ ಮಾತ್ರೆಯಿಂದ ತಿಂಗಳ ಹರಿವು ಹತೋಟಿಗೆ ಬಂತು. ಕಬ್ಬಿಣದ ಗುಳಿಗೆಯಿಂದ ಹೊಟ್ಟೆ ಕಟ್ಟಿತು. ಅದಕ್ಕೆ ಅಜ್ಜಿ, ಕೇಳಿಯೇ, ಹಣ್ಣು ಹೆಚ್ಚಿಸಿದಳು. ಅಂಗಾಲಿನ ಇರುವೆಗಳು ಮೊದಲು ಹಿಮ್ಮಡಿ ಬಿಟ್ಟವು, ಬೆರಳುಗಳಲ್ಲಿ ಉಳಿದುಕೊಂಡವು. ಮೆಟ್ಟಿಲು ಹತ್ತಿ ಬಂದವಳು ಒಂದು ದಿನ ಕೂರದೆಯೇ ಚಪ್ಪಲಿ ಬಿಟ್ಟಳು. ಅವಳಿಗದು ಗೊತ್ತೇ ಆಗಲಿಲ್ಲ, ಯಾಕಮ್ಮ ತೋರಿಸಿಕೊಟ್ಟಳು.

ಮತ್ತೆ ರಕ್ತ ನೋಡಿದಾಗ ಕಬ್ಬಿಣ ಅರ್ಧದಷ್ಟು ತುಂಬಿತ್ತು, ಬಿ-ಸಿಕ್ಸ್ ಚೆನ್ನಾಗಿ ಇಳಿದಿತ್ತು. ನಾಡಿಯ ಓಟ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮೆಕ್ಯಾನಿಕ್ ಡಾಕ್ಟರಮ್ಮನನ್ನು, ಇನ್ನು ಏನು ಹಾಕಿದರೆ ಪೂರ್ತಿ ನಿಲ್ಲುತ್ತದೆ ಎಂದು ಕೇಳಿದ. ವಿಟಮಿನ್ನಿಂದ ಆಗುವುದು ಇಷ್ಟೇ ಇರಬಹುದು, ಉಳಿದದ್ದರ ಜೊತೆ ಬದುಕುವುದನ್ನು ಕಲಿಯಬೇಕಾಗಬಹುದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಟಿಂಗ್ ಅಕ್ಕ ಅವನ ತೊಡೆಯ ಮೇಲೆ ಕೈಯಿಟ್ಟಳು.

"ರೀ, ನಾನು ಸೋಮಾರಿ ಅಲ್ಲ ಅಂತ ಗೊತ್ತಾಯ್ತಲ್ಲ. ಅದೇ ನನಗೆ ಅರ್ಧ ಹಗುರ."

"ನಾನು ಯಾವತ್ತೂ ಹಾಗಂದುಕೊಂಡಿಲ್ಲ."

"ನಾನು ಅಂದ್ಕೊಂಡಿದ್ದೆ."

ಶಾಲೆ ತೆರೆಯುವುದಕ್ಕೆ ಇನ್ನೂ ಸಮಯವಿರುವಾಗಲೇ ಅವಳು ಯಜಮಾನಿಗೆ ಫೋನು ಮಾಡಿದಳು. ಬೆಳಗಿನ ಅರ್ಧ ದಿನ ಬರುತ್ತೇನೆ, ಕೂತು ಕತ್ತರಿಸುತ್ತೇನೆ, ಒಂದು ಸಲ ನೋಡಿ, ಸರಿಬರದಿದ್ದರೆ ನಾನೇ ಬಿಡುತ್ತೇನೆ ಎಂದಳು. ಯಜಮಾನಿ ಕೂತು ಕತ್ತರಿಸುವುದನ್ನು ಎಲ್ಲೂ ನೋಡಿಲ್ಲ ಎಂದರು, ಆದರೆ ಬಾ ಎಂದರು.

ಅಜ್ಜಿಗೆ ಮಗಳ ಕೆಲಸವನ್ನು ನೋಡಬೇಕೆನ್ನಿಸಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ; ಅವಳ ಹಗಲೂ ಬೇರೊಂದು ಅಡುಗೆಮನೆಯಲ್ಲಿ ಕಳೆದಿತ್ತು. ಬರಲಾ ಎಂದು ಮಗಳನ್ನು ಕೇಳಿ, ಹೂಂ ಎಂದ ಮೇಲೆ ಹೊರಟಳು. ಹೊಲಿಗೆ ಯಂತ್ರಗಳ ಗದ್ದಲದ ನಡುವೆ, ಬಟ್ಟೆಯ ಸುರುಳಿಯೊಂದರ ಮೇಲೆ ನೀರಿನ ಬಾಟಲಿ ಹಿಡಿದು ಕೂತಳು. ಸಹಾಯಕಿಯರು ಬೂದು ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಚು ಸೇರಿಸಿ, ಮೇಲೆ ತೂಕದ ಕಲ್ಲಿಟ್ಟರು. ಕಟಿಂಗ್ ಅಕ್ಕ ಗೆರೆ ಎಳೆದಳು, ಸ್ಟೂಲಿಗೆ ಒರಗಿ ಯಂತ್ರ ಹಿಡಿದಳು. ಕತ್ತರಿ ದಪ್ಪ ಬಟ್ಟೆಯೊಳಗೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಅಜ್ಜಿಯ ಬಾಯಿ ತೆರೆದೇ ಇತ್ತು.

ಅರ್ಧ ಮೇಜು ದಾಟುವಷ್ಟರಲ್ಲಿ ಕಟಿಂಗ್ ಅಕ್ಕ ಗುಂಡಿ ಬಿಟ್ಟಳು. ಯಂತ್ರ ಗೆರೆಯ ಮೇಲೆಯೇ ನಿಂತಿತು. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತಳು, ಗೋಡೆಗೆ ಬೆನ್ನು ಕೊಟ್ಟು ಕಾಲು ಮೇಲೆತ್ತಿ ಒಂದು ಬಟ್ಟೆಯ ಗಂಟಿನ ಮೇಲೆ ಇಟ್ಟಳು. ಹೊಲಿಗೆಯ ಸದ್ದು ಅಲ್ಲಲ್ಲಿ ತಗ್ಗಿತು. ಯಜಮಾನಿ ಗಾಜಿನ ಕೋಣೆಯಲ್ಲಿ ಎದ್ದು ನಿಂತರು.

ಅಜ್ಜಿ ಬಾಟಲಿ ಹಿಡಿದು ಅರ್ಧ ಎದ್ದಿದ್ದಳು. ಒಂದು ಹೆಜ್ಜೆ ಇಟ್ಟೂ ಆಗಿತ್ತು. ಅಲ್ಲೇ ನಿಂತಳು. ಮುಚ್ಚಳದ ಮೇಲೆ ಬೆರಳು ಬಿಗಿಯಾಗಿತ್ತು.

"ಬೇಕಾ?" ಎಂದಳು.

ಮಗಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. "ಬೇಡಮ್ಮ. ತಾನೇ ಹೋಗುತ್ತೆ. ಸ್ವಲ್ಪ ಹೊತ್ತು ಕೂತ್ಕೋ."

ಅಜ್ಜಿ ಹಿಂದೆ ಸರಿದು ಸುರುಳಿಯ ಮೇಲೆ ಕೂತಳು. ತನ್ನ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಯಜಮಾನಿಯೂ ಬಾಗಿಲ ತನಕ ಬಂದವರು ಅಲ್ಲೇ ಒರಗಿ ನಿಂತರು. ಕಟಿಂಗ್ ಅಕ್ಕನ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಅವಳು ಕಾಲು ಇಳಿಸಿ, ಸ್ವಲ್ಪ ಹೊತ್ತು ಕೂತೇ ಇದ್ದು, ಆಮೇಲೆ ಗೋಡೆ ಹಿಡಿದು ಎದ್ದು, ಸ್ಟೂಲಿಗೆ ಒರಗಿದಳು. ಬಾಗಿ ಗೆರೆಯನ್ನು ನೋಡಿದಳು, ಯಂತ್ರ ನಿಂತಲ್ಲೇ ಇತ್ತು. ಗುಂಡಿ ಒತ್ತಿ ತೋಳಿನ ತಿರುವನ್ನು ಕೊನೆಯವರೆಗೂ ಕತ್ತರಿಸಿದಳು.